ಮನಿ ಗೋಡಿ ಎದಕ್ಕ ಸೀಳ್ತು? ಕಲಬುರಗಿಯಿಂದ ಬೀದರ್ ತನಕ ಒಂದು ಬೈಕ್ ಟ್ರಿಪ್

ನಮಸ್ಕಾರ್ರಿ ಎಲ್ಲರಿಗೂ. ಮೊದಲ ಈ ಗೋಡಿ ನೋಡ್ರಿ, ಕ್ಯಾಮೆರಾ ಜರಾ ಹತ್ರ ಒಯ್ತೀನಿ, ಕಿಟಕಿ ಮೂಲಿಯಿಂದ ಕೆಳಗಿನ ತನಕ ಓರೆಯಾಗಿ ಸೀಳ್ಯದ, ನನ್ನ ಬೆರಳು ಸಲೀಸ್ ಹೋಗ್ತದ. ಮನಿ ಕಟ್ಟಿ ಇನ್ನಾ ಆರು ವರ್ಷ ಆಗಿಲ್ಲ. ಎರಿ ಮಣ್ಣಿನಾಗ ಪಾಯಾ ತೋಡಿದ್ರ ಮುರುಮು, ಅಂದ್ರ ಕೆಳಗಿನ ಗಟ್ಟಿ ಗರಸು, ಹತ್ತೋ ತನಕ ಹೋಗ್ಬೇಕು ಅಂತ ಅಪ್ಪ ಬಡ್ಕೊಂಡ, ಕೆಲಸದವರು ಇಷ್ಟು ಸಾಕ್ರಿ ಅಂದ್ರು, ನಾವೂ ರೊಕ್ಕ ಉಳೀತು ಅಂತ ಸುಮ್ನಾದಿವಿ. ಈಗ ಅಪ್ಪ ದಿನಾ ಚಾ ಕುಡಿಯುವಾಗ ಆ ಸೀಳಿನ ಎದುರಿಗೇ ಕುರ್ಚಿ ಹಾಕ್ಕೊಂಡು ಕೂಡ್ತಾನ, ಬಾಯಿಬಿಟ್ಟು ಏನೂ ಅನ್ನಂಗಿಲ್ಲ, ಅದೇ ತ್ರಾಸ.

ಈ ಎರಿ ಮಣ್ಣಿನಾಗ ಮಾಂಟ್‌ಮೊರಿಲೊನೈಟ್ ಅಂತ ಒಂದು ಜೇಡಿ ಇರ್ತದ. ಹೆಸರು ಬಿಡ್ರಿ, ನಂಗೂ ನಾಕನೇ ಟೇಕ್‌ಗೆ ಬಾಯಿಗೆ ಬಂತು. ಅದರ ಒಂದೊಂದು ಕಣ ಅಂದ್ರ ಕಟಿ ರೊಟ್ಟಿ ಪೇರಿಸಿಟ್ಟಂಗ, ಹಾಳಿ ಮ್ಯಾಲ ಹಾಳಿ, ಮಳಿ ಬಿದ್ರ ನೀರು ಆ ಹಾಳಿ ನಡುವ ಹೊಕ್ಕು ಉಬ್ಬತದ, ಬ್ಯಾಸಿಗ್ಯಾಗ ಒಣಗಿ ಕುಗ್ಗತದ, ಕುಗ್ಗಿದ್ರ ಹೊಲ ಬಾಯಿ ಬಿಡ್ತದ. ಮ್ಯಾಲಿನ ಮಣ್ಣು ಆ ಬಿರುಕಿನ್ಯಾಗ ಉದುರಿ ಕೆಳಗ ಹೋಗಿ, ಕೆಳಗಿಂದು ಮ್ಯಾಲ ಬಂದು, ಭೂಮಿ ತನ್ನ ಗಳೆ ತಾನೇ ಹೊಡ್ಕೊಂಡಂಗ. ಮಳಿ ನಿಂತ ಮ್ಯಾಲೂ ತಿಂಗಳಗಟ್ಲೆ ಹಸಿ ಹಿಡಿದಿಡ್ತದ ನೋಡ್ರಿ, ನಮ್ಮ ತೊಗರಿ ಬದುಕೋದೇ ಅದರ ಮ್ಯಾಲ. ತೊಗರಿಗೆ ಛಂದ, ಗೋಡಿಗೆ ಅಲ್ಲ.

ಬೀದರ್‌ನಾಗ ಅಕ್ಕನ ಮನಿ ಅದ. ಅವರ ಗಂಡನ ಮನಿ ಹಳೇದು, ಮುತ್ಯಾನ ಕಾಲದ್ದು, ಒಂದು ಸೀಳಿಲ್ಲ. ನೋಡ್ಕೊಂಡು ಬರೋಣ ಅಂತ ಗಾಡಿ ತಗದೆ.

ಹೊರಡೋಕಿಂತ ಮೊದಲ ಮನಿ ಒಳಗಿಂದೇ ಒಂದು ತೋರಸ್ತೀನಿ. ಇದು ಪರಸಿ, ಶಹಾಬಾದ್ ಕಲ್ಲು. ಮ್ಯಾಲ ನಿಂಬೆಹಣ್ಣು ಹಿಂಡೀನಿ, ಕಿವಿ ಹಚ್ಚಿ ಕೇಳ್ರಿ, ಸಣ್ಣಗ ಚುಂಯ್ ಅಂತದ, ಗುಳ್ಳಿ ಏಳ್ತಾವ, ಯಾಕಂದ್ರ ಇದು ಸುಣ್ಣದ ಕಲ್ಲು, ಹುಳಿ ಬಿದ್ರ ಗ್ಯಾಸ್ ಬಿಡ್ತದ. (ಅವ್ವ ಬೈಲಾಕತ್ತಾಳ, ಕಲಿ ಬಿತ್ತಂತ. ಆಸಿಡ್ ಹಾಕಿ ನೆಲ ತೊಳೀಬ್ಯಾಡ್ರಿ, ಅದಕ್ಕೇ.) ಈಗ ಬಿಸಲಿಗೆ ಹೆಸರಾದ ಶಹಾಬಾದ್, ವಾಡಿ, ಸೇಡಂ ಎಲ್ಲಾ ಒಂದು ಕಾಲಕ್ಕ ಆಳ ಕಮ್ಮಿ ಇರೋ ಸಮುದ್ರದ ತಳ ಇತ್ತಂದ್ರ ನಂಬ್ತೀರಿ? ಆ ತಳಕ್ಕ ಸುಣ್ಣದ ಕೆಸರು ಪದರಾ ಪದರಾ ಕೂತು ಗಟ್ಟಿಯಾಗ್ಯದ, ಅದಕ್ಕ ಖಣಿಯೊಳಗ ಉಳಿ ಇಟ್ಟು ಹೊಡದ್ರ ಪುಸ್ತಕದ ಹಾಳಿಯಂಗ ಎದ್ದು ಬರ್ತದ, ಸಿಮೆಂಟ್ ಫ್ಯಾಕ್ಟರಿಗಳು ಅಲ್ಲೇ ಬಂದು ಕೂತದ್ದೂ ಅದಕ್ಕೇ. ಸನ್ನತಿ ಹತ್ರ ಕನಗನಹಳ್ಳಿ ಸ್ತೂಪದಾಗ ಅಶೋಕನ ಮೂರ್ತಿ ಕೆತ್ತಿ 'ರಾಯ ಅಸೋಕ' ಅಂತ ಬರದಾರಲ್ಲ, ಅದೂ ಸುಣ್ಣದ ಕಲ್ಲೇ. ಇನ್ನ ಇದರ ಬುಡಕ್ಕ ಏನದ ಅಂದ್ರ ಯಾದಗಿರಿ ಕಿಲ್ಲಾದ ಗುಡ್ಡ, ಶಹಾಪುರದಾಗ ಮಲಗಿದ ಬುದ್ಧನಂಗ ಕಾಣೋ ಗುಡ್ಡ, ಆ ಜಾತಿ ಗ್ರಾನೈಟ್, 250 ಕೋಟಿ ವರ್ಷದ ಹಳೇದು. ಅಲ್ಲಿಗೆ ಇನ್ನೊಂದ್ಸಲ ಹೋಗೋಣ.

ಹುಮನಾಬಾದ್ ಹತ್ರ ಬಂದೀವಿ, ಚಾ ಹೇಳೀನಿ. ಮೀಟರ್ ನೋಡ್ರಿ, ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್. ಹಾದ್ಯಾಗ ಒಂದು ಲೆಕ್ಕ ಹೊಳೀತು. ಒಂದು ವರ್ಷಕ್ಕ ಒಂದು ಮಿಲಿಮೀಟರ್ ಅಂತ ಹಿಡೀರಿ. ಬಹಮನಿ ಸುಲ್ತಾನರು ಕಲಬುರಗಿಗೆ ಬಂದದ್ದು 1347ರ ಸುಮಾರು, ಅಂದ್ರ ನನ್ನ ಗಾಡಿ ಹ್ಯಾಂಡಲ್‌ನ ಅಗಲದಷ್ಟು. ಹುಣಸಗಿ ಕಡಿ ಇಸಾಂಪುರದಾಗ ಕಲ್ಲಿನ ಕೊಡಲಿ ಮಾಡ್ಕೋತ ಕೂತಿದ್ದ ಮಂದಿದು ಸುಮಾರು 12 ಲಕ್ಷ ವರ್ಷ ಅಂತಾರ, ಅಂದ್ರ ಒಂದು ಕಿಲೋಮೀಟರ್‌ಗಿಂತ ಜರಾ ಜಾಸ್ತಿ, ನಮ್ಮ ಓಣಿ ದಾಟಿ ಪೆಟ್ರೋಲ್ ಪಂಪ್ ಸಿಗೋ ಅಷ್ಟು. ಮತ್ತ ಈ ರೋಡಿನ ಆಜುಬಾಜು ಕಾಣೋ ಕರಿ ಕಲ್ಲದಲ್ಲ, ಖಡಿ ಮಷಿನ್‌ಗೆ ಹಾಕೋದು, ಬಸಾಲ್ಟ್, ಅದು ಭೂಮಿ ಸೀಳಿ ಲಾವಾ ಆಗಿ ಹರದದ್ದು ಸುಮಾರು 6.6 ಕೋಟಿ ವರ್ಷದ ಹಿಂದ, 66 ಕಿಲೋಮೀಟರ್, ನಾವೀಗ ಬಂದಿದ್ದ ಹಾದಿಗಿಂತ ಸ್ವಲ್ಪ ಮುಂದ. ಡೈನೋಸಾರ್ ಹೋದದ್ದೂ ಆ ಸುಮಾರಿಗೇ. ಆ ಗ್ರಾನೈಟ್ ಲೆಕ್ಕ ಹಾಕಿದ್ರ 2500 ಕಿಲೋಮೀಟರ್, ದಿಲ್ಲಿ ದಾಟಿ ಹೋಗ್ಬೇಕು, ಅಷ್ಟು ಪೆಟ್ರೋಲಿಗೆ ರೊಕ್ಕಿಲ್ಲ.

ಲಾವಾ ಒಂದೇ ಸಲ ಬಂದಿಲ್ಲ, ಒಂದರ ಮ್ಯಾಲ ಒಂದು ಹಾಸಿಗಿ ಹಾಸಿದಂಗ ಬಂದದ, ಗುಡ್ಡದ ಬದಿ ನೋಡಿದ್ರ ಪಾವಟಿಗಿ ಪಾವಟಿಗಿ ಕಾಣ್ತಾವ. ನಮ್ಮ ಎರಿ ಮಣ್ಣು ಹೆಚ್ಚಿಂದೆಲ್ಲಾ ಈ ಕರಿ ಕಲ್ಲು ಸವದು ಸವದು ಆದದ್ದು.

ಬೀದರ್‌ಗೆ ಬಂದ್ರ ಎಲ್ಲಾ ಕೆಂಪು. ಕಿಲ್ಲಾ ಕೆಂಪು, ಅಕ್ಕನ ಮನಿ ಗೋಡಿ ಕೆಂಪು. ಇದು ಬ್ಯಾರೆ ಕಲ್ಲೇನೋ ಅಂತಿದ್ದೆ ನಾ, ಆದ್ರ ಇದರಪ್ಪನೂ ಅದೇ ಬಸಾಲ್ಟ್! ಎತ್ತರದ ಸಪಾಟ ಜಾಗಾ, ಮಳಿ ನೀರು ಲಕ್ಷಾಂತರ ವರ್ಷ ಮ್ಯಾಲಿಂದ ಕೆಳಗ ಇಳಕೋತ ಹೋಗಿ ಕಲ್ಲಿನಾಗಿನ ಸುಣ್ಣ, ಸಿಲಿಕಾ ಎಲ್ಲಾ ತೊಳಕೊಂಡು ಹೋಗ್ಯದ, ಕಬ್ಬಿಣ ಅಲ್ಯೂಮಿನಿಯಂ ಅಷ್ಟೇ ಉಳದದ, ತುಕ್ಕಿನ ಬಣ್ಣ ಅದರದ್ದೇ. ಇದಕ್ಕ ಲ್ಯಾಟರೈಟ್ ಅಂತಾರ. ನಮ್ಮ ಕಡಿ ನೀರಿಗೆ ಇಳ್ಯಾಕ ಅಷ್ಟು ಹಾದಿ ಸಿಗಲಿಲ್ಲ, ಸುಣ್ಣ ಮೆಗ್ನೀಶಿಯಂ ಅಲ್ಲೇ ಉಳದು ಉಬ್ಬೋ ಜೇಡಿ ಆಯ್ತು. ಒಂದೇ ತಾಯಿ ಮಕ್ಕಳು, ಒಬ್ಬಾಕಿ ಬೀದರ್‌ಗೆ ಬಂದ್ಲು ಅಂತ ನಾ ಅಂದ್ರ ಅಕ್ಕ, "ಸಾಕು ಮುಚ್ಚೋ ತಮ್ಮಾ, ಊಟಕ್ಕ ಬಾ" ಅಂದ್ಲು.

ಈ ಕೆಂಪು ಕಲ್ಲು ತೂತು ತೂತು, ನೀರು ಒಳಗ ಇಳೀತದ, ಕೆಳಗ ಜೇಡಿ ಪದರು ತಾಗಿದ್ರ ನಿಂತು ಅಡ್ಡ ಹರೀತದ, ಗುಡ್ಡದ ಅಂಚಿಗೆ ಝರಿ ಆಗಿ ಹೊರಗ ಬರ್ತದ. ನರಸಿಂಹ ಝರಣಿ ಗುಡಿಯೊಳಗ ಎದಿ ಮಟ ನೀರಿನಾಗ ನಡದೀರಿಲ್ಲ, ಗುರುನಾನಕ್ ಝಿರಾ ಗುರುದ್ವಾರದ ಝರಿ ನೋಡೀರಿಲ್ಲ, ಅದೇ ಲೆಕ್ಕ. ನೌಬಾದ್ ಕಡಿ ಕಾರೇಜ್, ಅಂದ್ರ ನೆಲದೊಳಗಿಂದ ನೀರು ತರೋ ಸುರಂಗ, ತೋಡಿದವರು ಪುಸ್ತಕ ಓದಿರ್ಲಿಕ್ಕಿಲ್ಲ, ಕಲ್ಲು ಓದಿದ್ರು.

ಇದು ವಾಪಸ್ ಬಂದ್ಮ್ಯಾಲಿನ ಶಾಟ್, ಎರಡು ತಿಂಗಳಾಯ್ತು, ಮಳಿ ಚಲೋ ಹಿಡದದ. ಗೋಡಿ ನೋಡ್ರಿ, ಬೆರಳಲ್ಲ, ಉಗುರೂ ಹೋಗಂಗಿಲ್ಲ, ಮಣ್ಣು ಉಬ್ಬಿ ತಾನೇ ಮುಚ್ಕೊಂಡದ. ಸಿಮೆಂಟ್ ತುಂಬಿ ಬಣ್ಣ ಹೊಡಸೋಣೇನಪ್ಪಾ ಅಂದೆ. ಅಪ್ಪ ಕುರ್ಚಿ ಈ ಕಡಿ ತಿರುಗಿಸಿ, "ಏಪ್ರಿಲ್ ಬರ್ಲಿ ತಡಿ" ಅಂದ.