ಬಾಗಿಲು ಎಷ್ಟು ಇಂಚು?

ಕೇಳುಗರಿಗೆಲ್ಲ ನಮಸ್ಕಾರ.

ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಸ್ವಾಸ್ಥ್ಯ ಮತ್ತು ಪುನರ್ವಸತಿ ವಿಷಯದಲ್ಲಿ ಸ್ನಾತಕೋತ್ತರ ಅಧ್ಯಯನ. ಆಕಾಶವಾಣಿಯವರು ಕಳಿಸಿದ ಪತ್ರದಲ್ಲಿ ವಿಷಯ ಹೀಗಿತ್ತು. ಓದುವಷ್ಟರಲ್ಲೇ ನನಗೆ ಉಸಿರು ಕಟ್ಟಿತು. ಸ್ವಲ್ಪ ಸುಲಭ ಮಾಡಿಕೊಳ್ಳುತ್ತೇನೆ.

ನೈಟ್ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತಿರುವ ನರ್ಸ್, ತಾಲ್ಲೂಕು ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಒಬ್ಬರೇ ಕೂತಿರುವ ಫಿಸಿಯೋಥೆರಪಿಸ್ಟ್, ಪಿಎಚ್‌ಸಿಯ ಡಾಕ್ಟರು, ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಮುಗಿಸಿ ಮುಂದೇನು ಅಂತ ಮೊಬೈಲ್ ನೋಡುತ್ತಿರುವ ಮಕ್ಕಳು, ಇವತ್ತಿನ ಮಾತು ನಿಮ್ಮ ಜೊತೆ. ಉಳಿದವರೂ ರೇಡಿಯೋ ಬಂದ್ ಮಾಡಬೇಡಿ.

ಪುನರ್ವಸತಿ ಅಂದ ಕೂಡಲೇ ನಮ್ಮ ಸಾಗರ, ಹೊಸನಗರದ ಕಡೆಯ ಹಿರಿಯರಿಗೆ ನೆನಪಾಗುವುದು ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ನೀರಿನಲ್ಲಿ ಮನೆ ತೋಟ ಹೋದವರು ಇನ್ನೆಲ್ಲೋ ಹೋಗಿ ಮನೆ ಕಟ್ಟಿಕೊಳ್ಳಬೇಕಾಯಿತು. ಆಸ್ಪತ್ರೆಯ ರಿಹ್ಯಾಬಿಲಿಟೇಶನ್‌ಗೂ ಕನ್ನಡದಲ್ಲಿ ಅದೇ ಶಬ್ದ. ಪುನಶ್ಚೇತನ ಅನ್ನಿ, ಅದು ಚೆಂದ ಅಂತ ಕೆಲವರು ನನ್ನನ್ನು ತಿದ್ದುತ್ತಾರೆ. ನನಗೆ ಪುನರ್ವಸತಿಯೇ ಸರಿ. ಅದರಲ್ಲಿ ವಸತಿ ಇದೆ, ಮನೆ ಇದೆ. ರೋಗಿ ಮನೆಗೆ ಹೋದ ಮೇಲೆ ಏನು? ಈ ಓದು ಪೂರ್ತಿ ನಿಂತಿರುವುದು ಇದೊಂದು ಪ್ರಶ್ನೆಯ ಮೇಲೆ.

ನನಗೆ ಈ ಪ್ರಶ್ನೆ ಕಲಿಸಿದ್ದು ಕಾಲೇಜಲ್ಲ, ಒಬ್ಬ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಕೊಯ್ಯುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಹೆಸರು ಬೇಡ, ಕೊನೆಗೌಡ ಅಂತಲೇ ಇರಲಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತಿದ್ದ. ಮರವೆಲ್ಲ ಪಾಚಿ. ಕಾಲು ಜಾರಿ ಬಿದ್ದ. ಬೆನ್ನುಮೂಳೆ ಮುರಿದು ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು.

ನಾನಾಗ ಫಿಸಿಯೋಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ಆಸ್ಪತ್ರೆ ಯಾವುದು ಅನ್ನುವುದು ಬಿಡಿ, ಇದರಲ್ಲಿ ನನ್ನ ತಪ್ಪೂ ಇದೆ. ಆಪರೇಷನ್ ಚೆನ್ನಾಗಿ ಆಯಿತು. ರಾಡು, ಸ್ಕ್ರೂ ಎಲ್ಲ ಹಾಕಿದರು. ನಾನು ಅವನಿಗೆ ತೋಳಿನ ವ್ಯಾಯಾಮ ಮಾಡಿಸಿದೆ. ಹಾಸಿಗೆಯಿಂದ ಗಾಲಿಕುರ್ಚಿಗೆ ಜಾರುವುದನ್ನು ಕಲಿಸಿದೆ. ಕಾಲಿಗೆ ಕ್ಯಾಲಿಪರ್, ಅಂದರೆ ಆಧಾರದ ಪಟ್ಟಿ, ಹಾಕಿ ಎರಡು ಕಂಬಿಗಳ ನಡುವೆ ನಿಲ್ಲಿಸಿದೆ. ಮರ ಹತ್ತಿದ ಕೈ, ಕಬ್ಬಿಣದ ಹಾಗಿತ್ತು. ಬೇಗ ಕಲಿತ. ಡಿಸ್ಚಾರ್ಜ್ ದಿನ ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು, ಫೋಟೋ ತೆಗೆಸಿಕೊಂಡೆವು. ನನಗೆ ಹೆಮ್ಮೆಯೋ ಹೆಮ್ಮೆ.

ಮೂರು ತಿಂಗಳಿಗೆ ವಾಪಸ್ ಬಂದ. ಮಲಗಿಕೊಂಡೇ ಬಂದ. ಬೆನ್ನಿನ ಬುಡದಲ್ಲಿ ಅಂಗೈ ಅಗಲದ ಹುಣ್ಣು, ಒಳಗೆ ಮೂಳೆ ಕಾಣುತ್ತಿತ್ತು. ಮೂತ್ರದ ಸೋಂಕು, ಜ್ವರ. ನಾನು ಏನು ಮಾಡಿದೆ ಗೊತ್ತಾ? ಬೈದೆ. ಅಷ್ಟು ಕಲಿಸಿದ್ದೆನಲ್ಲ, ಕುರ್ಚಿಯಲ್ಲಿ ಯಾಕೆ ಕೂರಲಿಲ್ಲ, ನೀರು ಯಾಕೆ ಕುಡಿಯಲಿಲ್ಲ ಅಂತ ವಾರ್ಡಿಗೆಲ್ಲ ಕೇಳುವ ಹಾಗೆ ಬೈದೆ. ಅವನು ಎದುರು ಮಾತಾಡಲಿಲ್ಲ. “ಡಾಕ್ಟ್ರಮ್ಮ, ನೀವೊಂದ್ಸಲ ಮನೆಗೆ ಬನ್ನಿ” ಅಂದ, ಅಷ್ಟೇ.

ಹುಣ್ಣು ಮಾಯಲು ವಾರಗಟ್ಟಲೆ ಹಿಡಿಯಿತು. ಆ ನಡುವೆ ಒಂದು ಭಾನುವಾರ ಹೋದೆ. ಬಸ್ಸಿಳಿದು ಗದ್ದೆ ಅಂಚಿನಲ್ಲಿ ನಡೆದೆ. ಹಳ್ಳಕ್ಕೆ ಅಡಿಕೆ ಮರದ ಸಂಕ. ಅದನ್ನು ದಾಟುವಾಗಲೇ ನನ್ನ ಹೆಮ್ಮೆ ಅರ್ಧ ಇಳಿದಿತ್ತು. ಆಮೇಲೆ ಗಳ ಸರಿಸಿ ದಾಟುವ ಉಣುಗೋಲು, ಅಂಗಳ, ಜಗಲಿಗೆ ಮೂರು ಮೆಟ್ಟಿಲು. ಜಗಲಿಯ ಮೂಲೆಯಲ್ಲಿ ನಾವು ಕೊಟ್ಟ ಗಾಲಿಕುರ್ಚಿ ಇತ್ತು. ಅದರ ಮೇಲೆ ಒಂದು ಚೀಲ ಗೋಟಡಿಕೆ.

ಅವನ ಹೆಂಡತಿ ನನ್ನನ್ನು ಒಳಗೆ ಕರೆದಳು. ಅವನು ಮಲಗುತ್ತಿದ್ದ ಕೋಣೆ ತೋರಿಸಿದಳು. ಪಕ್ಕದ ಮನೆ ಹುಡುಗಿ ಹೊಲಿಗೆ ಮಾಡುತ್ತಿದ್ದಳು, ಅವಳ ಟೇಪ್ ಇಸಕೊಂಡು ಬಾಗಿಲು ಅಳೆದೆ. 23 ಇಂಚು. ಜಗಲಿಗೆ ಬಂದು ಕುರ್ಚಿ ಅಳೆದೆ. 26 ಇಂಚು. ಮೂರು ಇಂಚಿನ ಸಲುವಾಗಿ ಆ ಮನುಷ್ಯ ಮೂರು ತಿಂಗಳು ಮಲಗಿದ್ದ! ಕಕ್ಕಸು ಮನೆಯ ಹಿಂದೆ, ಇಳಿಜಾರಿನಲ್ಲಿ. ಹೆಂಡತಿ ಒಬ್ಬಳೇ ಎತ್ತಿ ಇಳಿಸಬೇಕು. ಪದೇ ಪದೇ ಅವಳಿಗೆ ಕಷ್ಟ ಕೊಡುವುದು ಬೇಡ ಅಂತ ಅವನು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಅದಕ್ಕೇ ಸೋಂಕು. ಬೈದೆನಲ್ಲ ನಾನು! ಇಷ್ಟರಲ್ಲಿ ಅವಳ ಸೊಂಟವೂ ಹಿಡಿದುಕೊಂಡಿತ್ತು. ಬಗ್ಗಿಯೇ ಕಾಫಿ ತಂದುಕೊಟ್ಟಳು.

ಆಮೇಲೆ ಮಾಡಿದ್ದು ದೊಡ್ಡ ವಿದ್ಯೆಯಲ್ಲ. ಬಾಗಿಲ ಚೌಕಟ್ಟು ಕಿತ್ತು ಅಗಲ ಮಾಡಿಸಿದೆವು. ಜಗಲಿಗೆ ಇಳಿಜಾರು. ಅದಕ್ಕೊಂದು ಲೆಕ್ಕ ಇದೆ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅವರ ಜಗಲಿ 21 ಇಂಚು ಎತ್ತರ, ಅಂದರೆ 21 ಅಡಿ ಬೇಕು. ಅಂಗಳದಲ್ಲಿ ಅಷ್ಟು ನೇರ ಜಾಗ ಇರಲಿಲ್ಲ. ಗಾರೆ ಕೆಲಸ ಬಲ್ಲ ಅವನ ತಮ್ಮ ಗೋಡೆ ಗುಂಟ ತಿರುಗಿಸಿ ಕಟ್ಟಿದ. ಬಡಗಿಯ ಹತ್ತಿರ ಒಂದು ಕುರ್ಚಿಗೆ ತೂತು ಮಾಡಿಸಿ, ಕೆಳಗೆ ಬಕೆಟ್ ಇಟ್ಟು ಕೋಣೆಯಲ್ಲೇ ಕಕ್ಕಸಿಗೆ ವ್ಯವಸ್ಥೆ ಮಾಡಿದೆವು. ನಾಲ್ಕೈದು ಗಂಟೆಗೊಮ್ಮೆ ತಾನೇ ಸಣ್ಣ ನಳಿಕೆ ಹಾಕಿ ಮೂತ್ರ ತೆಗೆದುಕೊಳ್ಳುವುದನ್ನು ನರ್ಸ್ ಒಬ್ಬರು ಕಲಿಸಿದರು. ಬೆನ್ನು, ಕುಂಡೆ ಕೆಂಪಾಗಿದೆಯಾ ಅಂತ ದಿನಾ ನೋಡಿಕೊಳ್ಳಲು ಗಡ್ಡ ಹೆರೆಯುವ ಕನ್ನಡಿ.

ಇನ್ನು ಕೆಲಸ. ಅಡಿಕೆ ಸುಲಿಯುತ್ತೇನೆ ಅಂದ. ಆದರೆ ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಹಿಡಿಯಬೇಕು, ಅದಕ್ಕೇ ಆ ಹೆಸರು. ಕಾಲೇ ಇಲ್ಲವಲ್ಲ! ಬಡಗಿ ಅದನ್ನು ಗಿಡ್ಡ ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿದ. ಕುರ್ಚಿಯಲ್ಲಿ ಕೂತೇ ಸುಲಿಯತೊಡಗಿದ. ಹೋದ ವರ್ಷ ಫೋನ್ ಮಾಡಿದ್ದ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ಇವನು ಆ ಊರಿಗೆ ಹೋಗುವ ಮೊದಲೇ ಅವರ ಮನೆ ಬಾಗಿಲು ಎಷ್ಟು ಇಂಚು ಅಂತ ಕೇಳಿಸಿದ್ದನಂತೆ!

ಕತೆ ಉದ್ದ ಆಯಿತು, ಗೊತ್ತು. ಆದರೆ ಇದರಲ್ಲಿ ಯಾವುದನ್ನೂ ನಾನು ಬಿಪಿಟಿಯಲ್ಲಿ ಕಲಿತಿರಲಿಲ್ಲ. ಸ್ನಾಯುಗಳ ಹೆಸರು ಕಲಿತಿದ್ದೆ, ಯಂತ್ರಗಳ ಬಟನ್ ಕಲಿತಿದ್ದೆ. ಮನೆಗೆ ಹೋದ ಮೇಲೆ ಏನು ಅನ್ನುವುದನ್ನು ಕಲಿಯಲೆಂದೇ ಮುಂದಿನ ವರ್ಷ ಎಂಪಿಟಿಗೆ, ಫಿಸಿಯೋಥೆರಪಿಯ ಸ್ನಾತಕೋತ್ತರ ಓದಿಗೆ, ಸೇರಿದೆ.

ನಮಗಿಂತ ಮೊದಲೂ ಈ ಪ್ರಶ್ನೆ ಕೇಳಿದವರಿದ್ದಾರೆ. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್‌ಮನ್ ಅನ್ನುವ ಡಾಕ್ಟರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಪೆಟ್ಟಾದವರ ವಾರ್ಡು ಶುರು ಮಾಡಿದರು. ಅಲ್ಲಿಯತನಕ ಇಂಥ ರೋಗಿಗಳು ಹುಣ್ಣು, ಮೂತ್ರದ ಸೋಂಕಿನಿಂದ ಸಾಯುವುದೇ ಜಾಸ್ತಿ. ಅವರು ಮಾಡಿಸಿದ ಮುಖ್ಯ ಕೆಲಸ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ರಾತ್ರಿಯೂ ಸಹ. ಬದುಕಿದವರನ್ನು ಸುಮ್ನೆ ಕೂರಿಸಲಿಲ್ಲ. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ ಗಾಲಿಕುರ್ಚಿಯ 16 ಜನರ ಕೈಗೆ ಬಿಲ್ಲು ಬಾಣ ಕೊಟ್ಟು ಪಂದ್ಯ ಆಡಿಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ.

ನಮ್ಮ ದೇಶದವರೇ ಬೇಕಾ? ವೆಲ್ಲೂರಿನ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾಕ್ಟರ್ ಮೇರಿ ವರ್ಗೀಸ್. 1954ರಲ್ಲಿ ಅಪಘಾತವಾಗಿ ಅವರದೇ ಕಾಲುಗಳ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠ ರೋಗಿಗಳ ಕೈಗೆ ಆಪರೇಷನ್ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಶಾಸ್ತ್ರ ಓದಿ ಬಂದು ವೆಲ್ಲೂರಿನಲ್ಲಿ ಆ ವಿಭಾಗ ಕಟ್ಟಿದರು. ಇನ್ನೊಂದು, ಜೈಪುರ ಕಾಲು. ಡಾಕ್ಟರ್ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಅದನ್ನು ಮಾಡಿದರು. ವಿದೇಶಿ ಕೃತಕ ಕಾಲಿಗೆ ಬೂಟು ಬೇಕಿತ್ತು. ನಮ್ಮ ರೈತ ಬರಿಗಾಲಲ್ಲಿ ಗದ್ದೆಗಿಳಿಯಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಿ ಉಣ್ಣಬೇಕು. ಅವರು ನೋಡಿದ್ದೂ ಮನೆಯನ್ನೇ ಅಲ್ವಾ?

ಈಗ ಕೋರ್ಸುಗಳು. ಬೇಗ ಹೇಳಿಬಿಡುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಎಂಬಿಬಿಎಸ್ ಆದವರಿಗೆ ನೀಟ್ ಪಿಜಿ ಬರೆದು ಮೂರು ವರ್ಷದ ಎಂಡಿ, ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್. ಚುಟುಕಾಗಿ ಪಿಎಂಆರ್. ಒಳ್ಳೆ ರ‍್ಯಾಂಕ್ ಬಂದವರೆಲ್ಲ ರೇಡಿಯಾಲಜಿ, ಚರ್ಮರೋಗ ಅಂತ ಓಡುತ್ತಾರೆ. ಓಡಲಿ. ಒಬ್ಬರಾದರೂ ನಿಂತು ಇತ್ತ ನೋಡಿ. ಬಿಪಿಟಿ ಆದವರಿಗೆ ಎರಡು ವರ್ಷದ ಎಂಪಿಟಿ. ನರ, ಮೂಳೆ, ಹೃದಯ ಮತ್ತು ಶ್ವಾಸಕೋಶ, ಮಕ್ಕಳು, ಸಮುದಾಯ ಅಂತ ಶಾಖೆಗಳಿವೆ. ನಮ್ಮ ರಾಜ್ಯದಲ್ಲಿ ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದವು. ಆಕ್ಯುಪೇಶನಲ್ ಥೆರಪಿಯವರಿಗೆ, ಅಂದರೆ ರೋಗಿ ತನ್ನ ದಿನದ ಕೆಲಸ ತಾನೇ ಮಾಡಿಕೊಳ್ಳುವ ಹಾಗೆ ಕಲಿಸುವವರಿಗೆ, ಎಂಒಟಿ. ಬೋಲ್ಟ್ ಹಾಕಿದ ಮೆಟ್ಟುಗತ್ತಿ ನಿಜವಾಗಿ ಅವರ ವಿದ್ಯೆ, ನಾನು ಕದ್ದದ್ದು. ಬಿಎಸ್‌ಸಿ ನರ್ಸಿಂಗ್ ಆದವರಿಗೆ ಎಂಎಸ್‌ಸಿ. ಮನೋರೋಗಿಗಳ ಜೊತೆ ಕೆಲಸ ಮಾಡುವ ಮನಸ್ಸಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಲಕ್ವ ಹೊಡೆದು ಮಾತು ಹೋದವರಿಗೆ ಮತ್ತೆ ಮಾತು ಕಲಿಸುವ ಓದು ಬೇಕೆಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ದೇಶದ ಎಲ್ಲ ಕಡೆಯಿಂದ ಅಲ್ಲಿಗೆ ಬಂದು ಓದುತ್ತಾರೆ, ನಮಗದು ಮಗ್ಗುಲಲ್ಲೇ ಇದೆ.

ಎಲ್ಲಿಗಾದರೂ ಸೇರಿ. ಸೇರುವ ಮೊದಲು ಕಾಲೇಜಿನವರಿಗೆ ಒಂದು ಪ್ರಶ್ನೆ ಕೇಳಿ. “ಸಾರ್, ಎರಡು ವರ್ಷದಲ್ಲಿ ಎಷ್ಟು ರೋಗಿಗಳ ಮನೆಗೆ ಕರಕೊಂಡು ಹೋಗುತ್ತೀರಿ?” ಕಟ್ಟಡ ತೋರಿಸಿದರೆ, ಯಂತ್ರ ತೋರಿಸಿದರೆ ಮತ್ತೆ ಅದನ್ನೇ ಕೇಳಿ.

ಥೀಸಿಸ್ ಬಗ್ಗೆಯೂ ಒಂದು ಮಾತು. ಮೂವತ್ತು ಜನರಿಗೆ ಒಂದು ವ್ಯಾಯಾಮ, ಇನ್ನು ಮೂವತ್ತು ಜನರಿಗೆ ಇನ್ನೊಂದು, ಕೊನೆಗೆ ಎರಡೂ ಒಳ್ಳೆಯದೇ ಅಂತ ಬರೆದು ಬೈಂಡ್ ಮಾಡಿಸುವುದು. ಪರೀಕ್ಷಕಳಾಗಿ ಇಂಥವನ್ನು ಓದಿ ಓದಿ ನನಗೆ ಸಾಕಾಗಿದೆ. ನಿಮ್ಮ ತಾಲ್ಲೂಕಿನಲ್ಲಿ ಕಳೆದ ವರ್ಷ ಡಿಸ್ಚಾರ್ಜ್ ಆದ ಇಪ್ಪತ್ತು ಮಂದಿಯನ್ನು ಹುಡುಕಿಕೊಂಡು ಹೋಗಿ. ಯಾರು ಕೂತಿದ್ದಾರೆ, ಯಾರು ಮಲಗಿದ್ದಾರೆ, ಯಾಕೆ ಮಲಗಿದ್ದಾರೆ, ಬರೆಯಿರಿ. ನಾನು ಖುಷಿಯಿಂದ ಓದುತ್ತೇನೆ.

ಸ್ವಾಸ್ಥ್ಯ ಅಂತ ಪತ್ರದಲ್ಲಿ ಇನ್ನೊಂದು ಶಬ್ದವಿತ್ತು. ವೆಲ್ನೆಸ್. ಈಗ ಊರೂರಿಗೆ ವೆಲ್ನೆಸ್ ಸೆಂಟರ್, ಎರಡು ದಿನದ ಸರ್ಟಿಫಿಕೇಟ್, ಬೋರ್ಡಿನ ಮೇಲೊಂದು ತಾವರೆ ಹೂವು. ನನಗೆ ವೆಲ್ನೆಸ್ ಅಂದರೆ ಬಗ್ಗಿ ಕಾಫಿ ತಂದ ಆ ಹೆಂಗಸಿನ ಸೊಂಟ. ಗಂಡನನ್ನು ಎತ್ತುವಾಗ ಮಂಡಿ ಬಗ್ಗಿಸಬೇಕು, ಅವನನ್ನು ಮೈಗೆ ಹತ್ತಿರ ಹಿಡಿಯಬೇಕು ಅಂತ ಅವಳಿಗೆ ಮೊದಲ ದಿನವೇ ಹೇಳಿಕೊಡಬೇಕಿತ್ತು. ಐದು ನಿಮಿಷದ ಕೆಲಸ. ವಾರ್ಡಿನಲ್ಲಿ ದಿನವಿಡೀ ಅವನ ಮಗ್ಗುಲಲ್ಲೇ ಕೂತಿರುತ್ತಿದ್ದಳು, ನಾನು ಒಂದು ದಿನವೂ ಅವಳತ್ತ ತಿರುಗಿ ನೋಡಿರಲಿಲ್ಲ.

ನಾಳೆ ಡ್ಯೂಟಿಗೆ ಹೋಗುವಾಗ ಜೇಬಿನಲ್ಲಿ ಒಂದು ಟೇಪ್ ಇರಲಿ. ಹೊಲಿಗೆಯವರದ್ದೇ ಸಾಕು. ಡಿಸ್ಚಾರ್ಜ್ ಚೀಟಿ ಬರೆಯುವ ಮೊದಲು ಅದನ್ನು ರೋಗಿಯ ಮಗನ ಕೈಗೆ ಕೊಟ್ಟು ಊರಿಗೆ ಕಳಿಸಿ. ಬಾಗಿಲು, ಮೆಟ್ಟಿಲು, ಕಕ್ಕಸು, ಮೂರನ್ನೂ ಅಳೆದು ಫೋನ್ ಮಾಡಲಿ.

ನನ್ನ ಸಮಯ ಮುಗಿಯಿತು. ನಮಸ್ಕಾರ.