ಸವಳು-ಜವಳು: ನೀರಿಗೆ ಹೊರದಾರಿ ಬೇಕು

ರೈತ ಬಾಂಧವರೇ, ನಮಸ್ಕಾರ. ನೀರು ನಿಂತು ಕೆಸರಾದ ಭೂಮಿ ಜವಳು, ಉಪ್ಪು ಮೇಲೆ ಬಂದ ಭೂಮಿ ಸವಳು. ಇವತ್ತು ಇವೆರಡರ ಬಗ್ಗೆ ಮಾತಾಡೋಣ.

ನೀರು ನಿಂತ ಭತ್ತದ ಗದ್ದೆಯಿಂದ ಒಂದು ಹೆಂಟೆ ಕೆಸರು ತೆಗೆದು ಒಡೆದು ನೋಡಿ. ಒಳಗೆ ನೀಲಿ ಬೆರೆತ ಬೂದು ಬಣ್ಣ. ಬೇರು ಇಳಿದ ಜಾಗದಲ್ಲಿ ಮಾತ್ರ ತುಕ್ಕಿನ ಹಾಗೆ ಕೆಂಪು ಗೆರೆ. ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ.

ಯಾಕೆ ಹೀಗೆ? ಮಣ್ಣಿನ ಸಂದುಗಳಲ್ಲಿ ಗಾಳಿ ಇರುತ್ತದೆ. ನೀರು ತುಂಬಿಕೊಂಡರೆ ಗಾಳಿ ಹೊರಗೆ. ಉಳಿದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗ ಮುಗಿಸುತ್ತವೆ. ಆಮೇಲೆ ನೈಟ್ರೇಟಿಗೆ, ಅಂದರೆ ಸಾರಜನಕ ಇರುವ ಲವಣಕ್ಕೆ, ಕೈ ಹಾಕುತ್ತವೆ. ನೀವು ದುಡ್ಡು ಕೊಟ್ಟು ತಂದ ಗೊಬ್ಬರದ ಸಾರಜನಕ ಅನಿಲವಾಗಿ ಹಾರಿಹೋಗುವುದು ಆಗಲೇ. ಮುಂದೆ ಕಬ್ಬಿಣದ ಸರದಿ. ಕೆಂಪು ಕಬ್ಬಿಣ ಕರಗಿ ನೀರಿಗಿಳಿಯುತ್ತದೆ, ಮಣ್ಣು ಬೂದಾಗುತ್ತದೆ. ಭತ್ತ ತನ್ನ ಕಾಂಡದಿಂದ ಬೇರಿಗೆ ಗಾಳಿ ಇಳಿಸುತ್ತದಲ್ವಾ, ಅದು ತಾಗಿದಲ್ಲಿ ಕಬ್ಬಿಣ ಮತ್ತೆ ತುಕ್ಕು ಹಿಡಿಯುತ್ತದೆ. ಆ ಕೆಂಪು ಗೆರೆ ಅದೇ. ಹತ್ತಿ, ತೊಗರಿಗೆ ಈ ಅನುಕೂಲ ಇಲ್ಲ, ಅವು ಉಸಿರುಕಟ್ಟಿ ಹಳದಿಯಾಗುತ್ತವೆ.

ಈಗ ತುಂಗಭದ್ರಾ ಅಚ್ಚುಕಟ್ಟಿಗೆ ಬರೋಣ. 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಎಡದಂಡೆಯ ಬಹುಪಾಲು ಹೊಲಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಎಂಬ ಲೆಕ್ಕವಿತ್ತು. ಗಂಗಾವತಿ, ಸಿಂಧನೂರು ಕಡೆ ಎಲ್ಲರೂ ಭತ್ತಕ್ಕೆ ತಿರುಗಿದರು. ಅವರನ್ನು ನಾನು ದೂರುವುದಿಲ್ಲ, ನೀರು ಮನೆ ಬಾಗಿಲಿಗೆ ಬಂದಾಗ ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಎರೆಭೂಮಿಯಲ್ಲಿ ನೀರು ಸುಲಭವಾಗಿ ಬಸಿಯುವುದಿಲ್ಲ. ಅಂತರ್ಜಲ ಮೇಲೇರುತ್ತಾ ಬಂತು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಆ ನೀರನ್ನು ಮೇಲಕ್ಕೆಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಸುಣ್ಣ ಬಳಿದಂತೆ ಕಾಣುವ ಸವಳು ಅದು.

ಅದರಲ್ಲಿ ಸೋಡಿಯಂ ಜಾಸ್ತಿಯಾದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ಆಗ ನೀರು ಇನ್ನೂ ಇಳಿಯುವುದಿಲ್ಲ. ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ನಿಜ. ಆದರೆ ಬಿಡುಗಡೆಯಾದ ಸೋಡಿಯಂ ತೊಳೆದು ಹೋಗಬೇಕಲ್ಲ! ದಾರಿಯೇ ಇಲ್ಲದಿದ್ದರೆ ಜಿಪ್ಸಂ ಸುಮ್ನೆ ಖರ್ಚು. ಅದಕ್ಕೇ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪೈಪು ಹೂಳುವುದು. ಉಪ್ಪುನೀರು ಅದರೊಳಗೆ ಬಸಿದು, ಬಸಿಗಾಲುವೆಯ ಮೂಲಕ ಹಳ್ಳಕ್ಕೆ ಸೇರುತ್ತದೆ.

ಆ ಬಸಿಗಾಲುವೆಯಲ್ಲೇ ಹೂಳು ತುಂಬಿದ್ದರೆ ಪೈಪಿನ ನೀರು ಮುಂದೆ ಹೋಗುವುದಿಲ್ಲ. ಕಾಲುವೆ ನಿಂತ ದಿನಗಳಲ್ಲಿ, ಅಕ್ಕಪಕ್ಕದ ಹೊಲದವರೆಲ್ಲ ಸೇರಿ, ಮೊದಲು ಬಸಿಗಾಲುವೆಯ ಹೂಳು ಎತ್ತಿ.

ನಮಸ್ಕಾರ.