ಘಟ್ಟ ನೋಡಿ ನೀರಿಗಿಳೀರಿ

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕೇಳ್ತಾ ಇರುವವರಿಗೆ, ಕಾರಲ್ಲಿ ಹೋಗ್ತಾ ಕೇಳ್ತಾ ಇರುವವರಿಗೆ, ಮುಖ್ಯವಾಗಿ ಈ ಭಾನುವಾರ ಎಲ್ಲಿಗಾದ್ರೂ ಹೋಗುವ ಮಾರಾಯಾ ಅಂತ ಪ್ಲ್ಯಾನ್ ಹಾಕ್ತಾ ಇರುವ ಕಾಲೇಜು ಮಕ್ಕಳಿಗೆ. ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವ, ನಮ್ಮ ಕರಾವಳಿಯ ಹೊಳೆಗಳು ಅಂದ್ರೆ ನನಗೆ ಪ್ರಾಣ. ಇವತ್ತು ನಿಮಗೆ ಹೇಳ್ಲಿಕ್ಕಿರುವುದು ಒಂದೇ ಮಾತು, ಘಟ್ಟ ನೋಡಿ ಆಮೇಲೆ ನೀರಿಗಿಳೀರಿ. ಬೇರೆ ಎಲ್ಲ ಮರೆತ್ರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿ ಕಡೆ ಹೋಗುವ ರಸ್ತೆ ನಿಮಗೆಲ್ಲ ಗೊತ್ತುಂಟು, ಆಗುಂಬೆಗೆ ಹೋಗುವಾಗ ಎಲ್ಲರೂ ಅದರಲ್ಲೇ ಹೋಗುದು. ಆದ್ರೆ ಹೆಬ್ರಿ ಹತ್ತಿರ ಒಳದಾರಿಯಲ್ಲಿ ಹೋದ್ರೆ ಸಿಗುವ ಜೋಮ್ಲು ತೀರ್ಥ ಎಷ್ಟು ಜನ ನೋಡಿದ್ದೀರಿ? ದೊಡ್ಡ ಜಲಪಾತ ಏನಲ್ಲ, ಒಂದು ಇಪ್ಪತ್ತು ಅಡಿ ಇರಬಹುದು, ಸೀತಾನದಿ ಕಪ್ಪು ಬಂಡೆಗಳ ನಡುವೆ ನುಗ್ಗಿ ಬಂದು ಧುಮುಕುದು ಅಷ್ಟೇ. ಆದ್ರೆ ಸುತ್ತ ಕಾಡು, ತಂಪು, ಆ ನೀರಿನ ಸದ್ದು, ಒಮ್ಮೆ ಕೂತ್ರೆ ಏಳ್ಲಿಕ್ಕೆ ಮನಸ್ಸೇ ಬರುದಿಲ್ಲ. ದಾರಿ ಕೇಳುವಾಗ ಒಂದು ಜಾಗ್ರತೆ, ಅಲ್ಲಿ ಸಂತೆಕಟ್ಟೆ ಅಂತ ಹೇಳ್ತಾರೆ, ಅದು ನಮ್ಮ ಕಲ್ಯಾಣಪುರದ ಸಂತೆಕಟ್ಟೆ ಅಲ್ಲ, ಅದೇ ಬೇರೆ.

ಈಗ ನನ್ನ ಕತೆ ಕೇಳಿ. ಸುಮಾರು ವರ್ಷ ಹಿಂದೆ, ನವರಾತ್ರಿ ರಜೆ, ಚಿತ್ತೆ ಮಳೆಯ ಸಮಯ. ನಾನು, ಹೆಂಡ್ತಿ, ಮಗಳು, ತಂಗಿಯ ಮನೆಯವರು, ಒಟ್ಟು ಏಳು ಜನ ಜೋಮ್ಲುವಿಗೆ ಹೋಗಿದ್ವಿ. ಆಕಾಶ ಶುಭ್ರ, ಒಂದು ಮೋಡ ಇಲ್ಲ, ಬಿಸಿಲಿಗೆ ಬಂಡೆ ಮೇಲೆ ಕಾಲಿಡ್ಲಿಕ್ಕೆ ಆಗುದಿಲ್ಲ, ಅಷ್ಟು ಬಿಸಿ. ನೀರು ಕನ್ನಡಿ ಹಾಗೆ, ಅಡಿಯ ಸಣ್ಣ ಮೀನು ಸಹ ಕಾಣ್ತಿತ್ತು. ನಡುವಿನ ಒಂದು ಚಪ್ಪಟೆ ಬಂಡೆ ಮೇಲೆ ಪೇಪರ್ ಹಾಸಿ ಗೋಳಿಬಜೆ, ಬನ್ಸು, ಫ್ಲಾಸ್ಕಲ್ಲಿ ಚಾ ಎಲ್ಲ ಇಟ್ಟುಕೊಂಡು ಕೂತಿದ್ವಿ, ಮಕ್ಕಳು ಅಂಚಿನ ಮೊಣಕಾಲು ನೀರಲ್ಲಿ ಆಡ್ತಿದ್ರು, ಮಗಳಿಗೆ ಆಗ ಎಂಟು ವರ್ಷ, ಹೊಸ ಹಳದಿ ಚಪ್ಪಲಿ ತೆಗೀಲಿಕ್ಕೆ ಒಪ್ಪದೆ ಹಾಕ್ಕೊಂಡೇ ನೀರಿಗಿಳಿದಿದ್ಳು. ಮಧ್ಯಾಹ್ನ ಮೂರು ಗಂಟೆ ಇರಬೇಕು, ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಹೆಗಲ ಮೇಲೆ ಹುಲ್ಲಿನ ಹೊರೆ ಇದ್ದ ಒಬ್ಬರು ಅಜ್ಜ ದಡದಲ್ಲಿ ಹೋಗ್ತಾ ಇದ್ದವರು ನಿಂತ್ರು. ನಮ್ಮನ್ನು ನೋಡ್ಲಿಲ್ಲ, ನೀರನ್ನು ನೋಡಿದ್ರು. ಹೊರೆ ಅಲ್ಲೇ ಬಿಸಾಡಿ "ಮಿತ್ತ್ ಬಲೆ, ಮಿತ್ತ್ ಬಲೆ, ನೀರ್ ಬರೊಂದುಂಡು" ಅಂತ ಬೊಬ್ಬೆ ಹಾಕಿದ್ರು. ಮೇಲೆ ಬನ್ನಿ, ನೀರು ಬರ್ತಾ ಉಂಟು ಅಂತ.

ನಾನು ಭೂಗೋಳದ ಮೇಷ್ಟ್ರು, ಸುತ್ತ ನೋಡ್ತೇನೆ, ಎಂಥ ನೀರು, ಬಿಸಿಲುಂಟಲ್ಲ! ಆದ್ರೆ ಅವರ ದನಿಯಲ್ಲಿ ಒಂದು ಗಾಬರಿ ಇತ್ತು, ಅದಕ್ಕೆ ಮಕ್ಕಳನ್ನು ಎತ್ತಿಕೊಂಡು ಓಡಿದ್ವಿ, ತಿಂಡಿ ಅಲ್ಲೇ ಬಿಟ್ವಿ, ಮಗಳ ಒಂದು ಚಪ್ಪಲಿ ಬಂಡೆ ಸಂದಲ್ಲಿ ಸಿಕ್ಕಿಕೊಂಡಿತು, ಅವಳು ಅದಕ್ಕೆ ಅಳ್ತಾ ಇದ್ಳು. ದಡ ಹತ್ತಿ ನಿಂತು ಹತ್ತು ನಿಮಿಷ ಸಹ ಆಗಿರ್ಲಿಕ್ಕಿಲ್ಲ. ಮೊದಲು ನೀರಿನ ಬಣ್ಣ ಚಾದ ಹಾಗೆ ಆಯ್ತು, ಆಮೇಲೆ ನೊರೆ, ಆಮೇಲೆ ಮೇಲಿಂದ ಲಾರಿ ಬರುವ ಹಾಗೆ ಒಂದು ಗುಡುಗುಡು ಸದ್ದು. ನಾವು ಕೂತಿದ್ದ ಬಂಡೆ ಎಲ್ಲುಂಟು ಅಂತ ಹುಡುಕಿದ್ರೆ ಬಂಡೆಯೇ ಇಲ್ಲ. ಫ್ಲಾಸ್ಕು ಒಮ್ಮೆ ತೇಲಿ ಕಂಡಿತು, ಮತ್ತೆ ಕಾಣ್ಲಿಲ್ಲ. ನಮ್ಮ ತಲೆ ಮೇಲೆ ಆಗಲೂ ಬಿಸಿಲು, ಗೊತ್ತುಂಟಾ, ಒಂದು ಹನಿ ಮಳೆ ಇಲ್ಲ!

ನಿಮಗೆ ಹೇಗೆ ಗೊತ್ತಾಯ್ತು ಅಜ್ಜೇರೇ ಅಂತ ಕೇಳಿದೆ. ಅವರು ಬಗ್ಗಿ ದಡದಲ್ಲಿ ಸಿಕ್ಕಿಕೊಂಡಿದ್ದ ಒಂದು ಎಲೆ ಹೆಕ್ಕಿ ನನ್ನ ಕೈಗೆ ಕೊಟ್ರು. ಒಣಗಿದ ಎಲೆ, ಅಡಿ ಮಾತ್ರ ಒದ್ದೆ, ಮೇಲ್ಭಾಗ ಇನ್ನೂ ಗರಿಗರಿ. ಇಂಥದ್ದು ಸಾಲಾಗಿ ತೇಲಿ ಬರ್ಲಿಕ್ಕೆ ಶುರುವಾಯ್ತು, ಅದಕ್ಕೆ ಕರೆದೆ ಅಂದ್ರು. ಯೋಚನೆ ಮಾಡಿ. ಒಣ ಎಲೆ ಬಿದ್ದಿರುವುದು ದಡದಲ್ಲಿ, ಅದು ನೀರಿಗೆ ಬಂದಿದೆ ಅಂದ್ರೆ ಮೇಲೆ ಎಲ್ಲೋ ನೀರು ಏರಿ ದಡ ತೊಳೀತಾ ಉಂಟು ಅಂತ ಅರ್ಥ. ನಾನು ಮೂವತ್ತು ವರ್ಷ ಪುಸ್ತಕ ಓದಿ ಹೇಳಿಕೊಟ್ಟದ್ದನ್ನು ಅವರು ಒಂದು ಎಲೆಯಲ್ಲಿ ಹೇಳಿದ್ರು.

ಕಾರಣ ಬಹಳ ಸಿಂಪಲ್. ಸೀತಾನದಿಯ ನೀರು ಹೆಬ್ರಿಯದ್ದಲ್ಲ, ಆಗುಂಬೆ ಕಡೆಯ ಘಟ್ಟದ್ದು. ಬರ್ಕಣ ಜಲಪಾತ, ಕೂಡ್ಲು ತೀರ್ಥ ಎಲ್ಲ ಇದೇ ಹೊಳೆಯವು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಆಗುಂಬೆಯಲ್ಲಿ 7,000ಕ್ಕೂ ಜಾಸ್ತಿ. 1946ರ ಆಗಸ್ಟಲ್ಲಿ ಒಂದೇ ತಿಂಗಳಿಗೆ ಅಲ್ಲಿ 4,508 ಮಿಲಿಮೀಟರ್ ಬಿದ್ದಿತ್ತು, ಅಂದ್ರೆ ನಮಗೆ ವರ್ಷವಿಡೀ ಬರುವುದು ಅವರಿಗೆ ಒಂದು ತಿಂಗಳಲ್ಲಿ. ಅಷ್ಟು ನೀರು ನಿಧಾನ ಬರ್ಲಿಕ್ಕೆ ನಮ್ಮ ಹೊಳೆಗಳು ಉದ್ದ ಇಲ್ಲ. ಘಟ್ಟದಿಂದ ನೆಟ್ಟಗೆ ಇಳೀತವೆ, ನೋಡ್ತಾ ನೋಡ್ತಾ ಸಮುದ್ರ. ಅಕ್ಟೋಬರಲ್ಲಂತೂ ಮಧ್ಯಾಹ್ನ ಮೇಲೆ ಘಟ್ಟದಲ್ಲಿ ಗುಡುಗು ಮಳೆ, ಕೆಳಗೆ ನಮಗೆ ಬಿಸಿಲು. ಅದಕ್ಕೇ ಹೇಳುದು, ನಿಮ್ಮ ತಲೆ ಮೇಲಿನ ಆಕಾಶ ನೋಡಿ ಎಂಥದ್ದೂ ಪ್ರಯೋಜನ ಇಲ್ಲ, ಘಟ್ಟ ನೋಡಿ. ಹೆಬ್ರಿ ಹತ್ತಿರ ಬರುವಾಗ ಪೂರ್ವಕ್ಕೆ ಘಟ್ಟದ ಸಾಲು ಕಾಣ್ತದೆ, ಗಾಡಿ ಒಂದು ನಿಮಿಷ ಸೈಡಿಗೆ ಹಾಕಿ ನೋಡಿ. ಅಲ್ಲಿ ಕಪ್ಪಾಗಿದ್ರೆ ನೀರಿಗಿಳಿಯುದು ಬೇಡ, ದಡದಲ್ಲಿ ಕೂತು ನೋಡಿ, ಅಷ್ಟೇ.

ಟೈಮ್ ಹತ್ತಿರ ಬಂತು ಅಂತ ಇಲ್ಲಿ ಕೈ ಮಾಡ್ತಾ ಇದ್ದಾರೆ, ಬೇಗ ಹೇಳ್ತೇನೆ. ಮರಗಳ ನಡುವೆ ಘಟ್ಟ ಕಾಣದಿದ್ರೆ ನೀರಿನ ಅಂಚಲ್ಲಿ ಒಂದು ಕೋಲು ಊರಿ, ಐದೈದು ನಿಮಿಷಕ್ಕೆ ನೋಡಿ, ಕೋಲಿನ ಬುಡ ನೀರಾಯ್ತು ಅಂದ್ರೆ ಎದ್ದು ಬನ್ನಿ. ಜಲಪಾತದ ಬುಡದ ಹೊಂಡ, ತುಳುವಲ್ಲಿ ಕಯ ಅಂತೇವಲ್ಲ, ಅದಕ್ಕೆ ಈಜು ಬರುವವರೂ ಹಾರುದು ಬೇಡ. ಆ ಬಿಳಿ ನೊರೆಯಲ್ಲಿ ಅರ್ಧ ಗಾಳಿ, ಅದು ಮನುಷ್ಯನನ್ನು ತೇಲಿಸುದಿಲ್ಲ. ಪಾಚಿ ಬಂಡೆ ಮೇಲೆ ನಿಂತು ಫೋಟೋ ಬೇಡ. 2023ರ ಜುಲೈಯಲ್ಲಿ ಕೊಲ್ಲೂರು ಹತ್ತಿರ ಅರಸಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಹುಡುಗ ಒಂದು ಕ್ಷಣದಲ್ಲಿ ಕೊಚ್ಚಿ ಹೋದ, ಆ ವಿಡಿಯೋ ನೀವೆಲ್ಲ ನೋಡಿದ್ದೀರಿ, ನನಗೆ ಇವತ್ತಿಗೂ ಅದನ್ನು ಇನ್ನೊಮ್ಮೆ ನೋಡ್ಲಿಕ್ಕೆ ಆಗುದಿಲ್ಲ. ಮಳೆಗಾಲದಲ್ಲಿ ಅರಣ್ಯ ಇಲಾಖೆಯವರು ಗೇಟು ಹಾಕಿದ್ರೆ ಅವರತ್ರ ಜಗಳಕ್ಕೆ ಹೋಗ್ಬೇಡಿ, ದಯವಿಟ್ಟು. ನವೆಂಬರು ಡಿಸೆಂಬರಲ್ಲಿ ಹೋಗಿ, ನೀರು ತಿಳಿ ಇರ್ತದೆ, ಚಂದವೂ ಆಗಲೇ ಜಾಸ್ತಿ. ಪೆರ್ಡೂರು ಅನಂತಪದ್ಮನಾಭ ದೇವಸ್ಥಾನದ ಬಗ್ಗೆಯೂ ಹೇಳ್ಲಿಕ್ಕಿತ್ತು, ಹೋಗುವ ದಾರಿಯಲ್ಲೇ ಸಿಗ್ತದೆ, ಇಳಿದು ಒಂದು ಕೈಮುಗಿದು ಹೋಗಿ.

ಆ ಅಜ್ಜನ ಹೆಸರು ಕೇಳ್ಲಿಕ್ಕೆ ಸಹ ಅವತ್ತು ನನಗೆ ತೋಚ್ಲಿಲ್ಲ. ಮರುವರ್ಷ ಹೋದಾಗ ಹುಡುಕಿದೆ, ಸಿಗ್ಲಿಲ್ಲ. ಆ ಎಲೆ ಮಗಳ ಅಟ್ಲಾಸಿನ ಒಳಗೆ ಇಟ್ಟಿದ್ದೇನೆ, ಈಗ ಮುಟ್ಟಿದ್ರೆ ಪುಡಿ ಆಗ್ತದೆ. ಬರ್ತೇನೆ, ನಮಸ್ಕಾರ.